21,900 ರೂಪಾಯಿಯ ಅಭ್ಯಂಜನ

ಗುಂಪು: ಅಜ್ಜನ ಮನೆ

ನಾನು: (ಫೋಟೊ) ಷೋರೂಮಿನವರು ಕೊಟ್ಟ ಕೊಟೇಶನ್. ಕಾರಿನ ಬೆಲೆ, ವಿಮೆ, ನೋಂದಣಿಯ ಲೆಕ್ಕ ಸರಿಯಾಗಿದೆ. ಕೆಳಗಿನಿಂದ ಮೂರನೆಯ ಸಾಲು ನೋಡಿ: ‘ಕಾರ್ ಕೇರ್ ಪ್ಯಾಕೇಜ್, 21,900’. ಟೆಫ್ಲಾನ್ ಕೋಟಿಂಗ್, ಅಡಿಭಾಗಕ್ಕೆ ಆಂಟಿ ರಸ್ಟ್, ಸೀಟಿನ ಬಟ್ಟೆಗೆ ಕಲೆ ಹಿಡಿಯದ ಸ್ಪ್ರೇ, ಮೂರೂ ಸೇರಿ. ಮಾಡಿಸಬೇಕೇ?

ದೊಡ್ಡಪ್ಪ: ಕಣ್ಣು ಮುಚ್ಚಿಕೊಂಡು ಮಾಡಿಸು. ಹನ್ನೊಂದು ಲಕ್ಷ ಕೊಡುವವನು ಇಪ್ಪತ್ತೆರಡು ಸಾವಿರಕ್ಕೆ ಮೂಗು ಮುರಿಯಬಾರದು. ನನ್ನ 2009ರ ಕಾರಿಗೆ ಟೆಫ್ಲಾನ್ ಮಾಡಿಸಿದ್ದೆ. ಇವತ್ತಿಗೂ ಅದರ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದು.

ಅಕ್ಕ: ದೊಡ್ಡಪ್ಪ, ಆ ಕಾರು ಹದಿನಾರು ವರ್ಷದಲ್ಲಿ ಓಡಿದ್ದು ಮೂವತ್ತೊಂದು ಸಾವಿರ ಕಿಲೋಮೀಟರ್. ಉಳಿದ ಕಾಲವೆಲ್ಲ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಹೊದ್ದು ಮಲಗಿದೆ.

ದೊಡ್ಡಪ್ಪ: ಮಲಗಿದ್ದರೂ ಹೊಳೆಯುತ್ತಿದೆಯಲ್ಲ. ಅಳಿಯಂದಿರು ಬಿಡದಿಯ ಕಾರು ಕಾರ್ಖಾನೆಯ ಬಣ್ಣದ ವಿಭಾಗದಲ್ಲೇ ಇರುವವರು, ಅವರೇ ಹೇಳಲಿ.

ಭಾವ: ಕೇಳಿದಿರಿ ಎಂದು ಹೇಳುತ್ತೇನೆ ದೊಡ್ಡಪ್ಪ, ಬೇಸರ ಮಾಡಿಕೊಳ್ಳಬೇಡಿ. ದೋಸೆಯ ಕಾವಲಿಗೆ ಟೆಫ್ಲಾನ್ ಕೂರಿಸುವಾಗ ಒಲೆಯಲ್ಲಿಟ್ಟು ಸುಡುತ್ತಾರೆ. ಅದು ಕರಗುವುದೇ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಷೋರೂಮಿನ ಹಿಂದಿನ ಶೆಡ್ಡಿನಲ್ಲಿ ಕಾರನ್ನು ಅಷ್ಟು ಕಾಯಿಸಿದರೆ ಬಂಪರ್ ಕರಗಿ ನೆಲಕ್ಕಿಳಿಯುತ್ತದೆ. ಅಲ್ಲಿ ನಡೆಯುವುದು ಟೆಫ್ಲಾನ್ ಹೆಸರಿನ ಪಾಲಿಶ್. ಒಳ್ಳೆಯ ಪಾಲಿಶ್ ಆಗಿರಬಹುದು, ಆದರೆ ಕೆಲವು ತಿಂಗಳ ತೊಳೆತಕ್ಕೆ ಹೋಗುತ್ತದೆ. ನಿಮ್ಮ ಕಾರಿನ ಹೊಳಪು ಭಾನುವಾರ ಭಾನುವಾರ ನೀವೇ ನೆರಳಿನಲ್ಲಿ ನಿಂತು ತೊಳೆದದ್ದರ ಫಲ.

ದೊಡ್ಡಪ್ಪ: 👍

ಅಕ್ಕ: ಆ ಹೆಬ್ಬೆರಳು ಒಪ್ಪಿಗೆಯದಲ್ಲ, ಎಲ್ಲರೂ ಗಮನಿಸಿ.

ನಾನು: ಸೇಲ್ಸ್‌ನವನು ಇನ್ನೊಂದು ಮಾತು ಹೇಳಿದ. ಟೆಫ್ಲಾನ್ ಬೇಡವಾದರೆ ಸೆರಾಮಿಕ್ ಕೋಟಿಂಗ್ ಇದೆಯಂತೆ, 32,000. ‘9ಎಚ್ ಗಟ್ಟಿತನ ಸರ್, ಕೀಲಿಕೈಯಲ್ಲಿ ಗೀಚಿದರೂ ಏನೂ ಆಗುವುದಿಲ್ಲ.’

ಚಿಕ್ಕಪ್ಪ: ಆ 9ಎಚ್ ಎಂದರೆ ಪೆನ್ಸಿಲ್! ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು ಹೇಳುತ್ತಿದ್ದೇನೆ. ಚಿತ್ರ ಬರೆಯುವವರ ಪೆನ್ಸಿಲ್‌ನಲ್ಲಿ ಎಚ್‌ಬಿ, 2ಎಚ್ ಎಂದು ಇರುತ್ತದಲ್ಲ, ಅದೇ ಸಾಲಿನ ಕೊನೆಯ ಗಟ್ಟಿ ಪೆನ್ಸಿಲ್‌ನಿಂದ ಗೀಚಿದರೆ ಲೇಪ ತಡೆಯುತ್ತದೆ ಎಂದಷ್ಟೇ ಅದರ ಅರ್ಥ. ಕೇಳಿದವರು ಅದನ್ನು ವಜ್ರದ ಅಳತೆ ಎಂದುಕೊಳ್ಳುತ್ತಾರೆ. ವಜ್ರದ ಗಟ್ಟಿತನ ಅಳೆಯುವ ಮೋಸ್ ಎಂಬ ಪಟ್ಟಿಯೇ ಬೇರೆ, ಅದರಲ್ಲಿ ವಜ್ರ 10, ಮರಳಿನ ಸ್ಫಟಿಕ 7. ರಸ್ತೆಯ ದೂಳಿನಲ್ಲಿರುವ ಮರಳಿಗೆ ಪೆನ್ಸಿಲ್ ಪರೀಕ್ಷೆಯ ಭಯವಿಲ್ಲ.

ಭಾವ: ಚಿಕ್ಕಪ್ಪ ಹೇಳಿದ್ದು ಸರಿ. ಆದರೆ ಸೆರಾಮಿಕ್ ಪೂರ್ತಿ ಮೋಸವಲ್ಲ. ನಿಜವಾದದ್ದನ್ನು ಸರಿಯಾಗಿ ಹಚ್ಚಿದರೆ ಒಂದೆರಡು ವರ್ಷ ನಿಲ್ಲುತ್ತದೆ, ಹಕ್ಕಿಯ ಹಿಕ್ಕೆ, ಮರದ ಅಂಟು ಸುಲಭವಾಗಿ ಬಿಡುತ್ತವೆ. ಹಚ್ಚುವ ಮೊದಲು ಬಣ್ಣವನ್ನು ಶುದ್ಧ ಮಾಡಲು ಅರ್ಧ ದಿನವಾದರೂ ಬೇಕು. ಡೆಲಿವರಿಯ ಹಿಂದಿನ ಸಂಜೆ ಐದು ಗಾಡಿಗಳ ಸಾಲಿನಲ್ಲಿ ನಿಲ್ಲಿಸಿ ಹಚ್ಚಿದ್ದು ಎಷ್ಟು ನಿಲ್ಲುತ್ತದೆ ಎಂದು ನೀವೇ ಊಹಿಸಿ. ಕಲ್ಲಿನ ಏಟಿಗೆ ಇದು ಯಾವುದೂ ಆಗುವುದಿಲ್ಲ, ಅದಕ್ಕೆ ಪಿಪಿಎಫ್ ಎಂಬ ದಪ್ಪ ಪಾಲಿಯುರೆಥೇನ್ ಹಾಳೆಯೇ ಬೇಕು. ಇಡೀ ಕಾರಿಗೆ ಅಂಟಿಸಿದರೆ ಬೆಲೆ ಕೇಳಿ ಎದೆ ಒಡೆಯುತ್ತದೆ.

ಅಮ್ಮ: ಅಷ್ಟು ದುಡ್ಡಿಗೆ ಕಾರಿಗೆ ಪ್ಲಾಸ್ಟಿಕ್ ಸುತ್ತುವುದೇ? ಟಿವಿ ರಿಮೋಟಿಗೆ ಸುತ್ತಿದ್ದನ್ನೇ ನೀವೆಲ್ಲ ನಕ್ಕು ಬಿಚ್ಚಿಸಿದಿರಿ.

ಉಡುಪಿ ಅತ್ತೆ: ಆಂಟಿ ರಸ್ಟ್ ಮಾತ್ರ ಬಿಡಬೇಡ ಪುಟ್ಟ. ನಮ್ಮಲ್ಲಿ ಕಡಲ ಗಾಳಿಗೆ ಗೇಟಿನ ಚಿಲಕವೇ ಎರಡು ಮಳೆಗಾಲ ತಡೆಯುವುದಿಲ್ಲ.

ಭಾವ: ಅತ್ತೆ, ನಿಮ್ಮ ಊರಿಗೆ ಆ ಮಾತು ಒಪ್ಪುತ್ತೇನೆ. ಚಕ್ರದ ಮೇಲಿನ ಕಮಾನಿಗೆ, ತಳಕ್ಕೆ ರಬ್ಬರಿನಂಥ ಲೇಪವಿದ್ದರೆ ಜಲ್ಲಿಯ ಏಟು ತಡೆಯುತ್ತದೆ. ಆದರೆ ಈಗಿನ ಬಾಡಿಯನ್ನು ಕಾರ್ಖಾನೆಯಲ್ಲೇ ಇಡಿಯಾಗಿ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಲೇಪ ಕೂರಿಸಿರುತ್ತಾರೆ. ಸ್ಪ್ರೇ ತಲುಪದ ಪೊಳ್ಳುಗಳೊಳಗೂ ಅದು ಹೋಗಿರುತ್ತದೆ. ಮೇಲಿಂದ ಸಿಕ್ಕಲ್ಲೆಲ್ಲ ಕಪ್ಪು ಎರಚಿದರೆ ಬಾಗಿಲಿನ ಅಂಚಿನಲ್ಲಿ ನೀರು ಇಳಿದುಹೋಗಲು ಬಿಟ್ಟ ತೂತುಗಳು ಮುಚ್ಚುತ್ತವೆ. ನೀರು ಒಳಗೇ ನಿಂತು, ತುಕ್ಕು ಒಳಗಿನಿಂದ ಹಿಡಿಯುತ್ತದೆ.

ಉಡುಪಿ ಅತ್ತೆ: ಓ! ನಮ್ಮ ಹಳೆಯ ಗಾಡಿಯಲ್ಲಿ ಬಾಗಿಲು ತೆಗೆದರೆ ಬುಳುಬುಳು ಎನ್ನುತ್ತಿತ್ತು. ಇವರು ಗಾಳಿ ಎನ್ನುತ್ತಿದ್ದರು.

ಅಕ್ಕ: ನಾನು ಫೋಟೊ ದೊಡ್ಡದು ಮಾಡಿ ನೋಡಿದೆ. ಎರಡು ವಿಷಯ. ಸಣ್ಣ ಅಕ್ಷರದಲ್ಲಿ ‘3 ವರ್ಷ ವಾರಂಟಿ, ಆರು ತಿಂಗಳಿಗೊಮ್ಮೆ ನಮ್ಮಲ್ಲೇ ಶುಲ್ಕ ಕೊಟ್ಟು ಮರುಲೇಪನ ಮಾಡಿಸಿದರೆ ಮಾತ್ರ’ ಎಂದಿದೆ. ಅಲ್ಲಿಗೆ ವಾರಂಟಿಯ ಕಥೆ ಮುಗಿಯಿತು. ಇನ್ನೊಂದು, ಸೀಟಿನ ಬಟ್ಟೆಗೆ ಸ್ಪ್ರೇ ಹಾಕುತ್ತಾರೆ, ಅದರ ಮೇಲಿನ ಸಾಲಿನಲ್ಲೇ ಸೀಟ್ ಕವರ್ 7,500. ಕವರಿನ ಒಳಗೆ ಅವಿತ ಬಟ್ಟೆಯ ಮೇಲೆ ಕಾಫಿ ಚೆಲ್ಲುವವರು ಯಾರು ಕಣೋ?

ಭಾವ: ಕವರ್ ಹಾಕಿಸುವುದಾದರೆ ಪಕ್ಕದ ಏರ್‌ಬ್ಯಾಗ್ ಸೀಟಿನ ಬದಿಯಿಂದ ಬಿಚ್ಚಿಕೊಳ್ಳುತ್ತದೆ ಎಂಬುದು ನೆನಪಿರಲಿ. ಅಲ್ಲಿ ಹೊಲಿಗೆ ಬಿಟ್ಟ ಕವರೇ ಬೇಕು.

ಚಿಕ್ಕಪ್ಪ: ಈ ಸ್ಪ್ರೇಯ ಕಥೆ ಚೆನ್ನಾಗಿದೆ. 1953ರಲ್ಲಿ ಅಮೆರಿಕದ 3ಎಂ ಕಂಪನಿಯ ಪ್ರಯೋಗಾಲಯದಲ್ಲಿ ಒಂದು ಫ್ಲೋರಿನ್ ರಾಸಾಯನಿಕ ಸಹಾಯಕಿಯೊಬ್ಬಳ ಷೂ ಮೇಲೆ ಚೆಲ್ಲಿತು. ತೊಳೆದರೂ ಹೋಗಲಿಲ್ಲ, ಅಷ್ಟೇ ಅಲ್ಲ, ಆ ಜಾಗ ಕೊಳೆಯಾಗುವುದನ್ನೂ ನಿಲ್ಲಿಸಿತು. ಪ್ಯಾಟ್ಸಿ ಶೆರ್ಮನ್ ಮತ್ತು ಸ್ಯಾಮ್ಯುಯೆಲ್ ಸ್ಮಿತ್ ಅದರಿಂದ ಸ್ಕಾಚ್‌ಗಾರ್ಡ್ ಎಂಬ ಕಲೆ ತಡೆಯುವ ಲೇಪ ಮಾಡಿದರು. ಆ ಜಾತಿಯ ರಾಸಾಯನಿಕ ಮಣ್ಣಿನಲ್ಲಿ, ರಕ್ತದಲ್ಲಿ ನಾಶವಾಗದೆ ಉಳಿಯುತ್ತದೆ ಎಂಬ ಕಾರಣಕ್ಕೆ ಹಳೆಯ ಸೂತ್ರವನ್ನು ಬಿಡುವುದಾಗಿ ಕಂಪನಿಯೇ 2000ದಲ್ಲಿ ಪ್ರಕಟಿಸಿತು. ಇವರ ಡಬ್ಬಿಯಲ್ಲಿ ಏನಿದೆ ಎಂದು ಕೇಳು. ಮೊಮ್ಮಗಳು ಸೀಟನ್ನೇ ನೆಕ್ಕುವ ವಯಸ್ಸಿನವಳು.

ನಾನು: ಕೇಳಿದೆ. ‘ಇಂಪೋರ್ಟೆಡ್ ಸರ್’ ಎಂದ.

ದೊಡ್ಡಪ್ಪ: ಎಲ್ಲರೂ ಪಂಡಿತರು. ಹಾಗಾದರೆ ಬಣ್ಣ ಹಾಳಾಗುವುದು ಏತರಿಂದ? ಅದನ್ನಾದರೂ ಹೇಳಿ.

ಭಾವ: ಬಟ್ಟೆಯಿಂದ ಮತ್ತು ನೀರಿನಿಂದ. ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಒಬ್ಬ ಬರುತ್ತಾನೆ, ಒಂದೇ ಬಕೆಟ್, ಒಂದೇ ಬಟ್ಟೆ, ಹದಿನೆಂಟು ಕಾರು. ಮೊದಲ ಕಾರಿನ ಮರಳನ್ನು ಹದಿನೆಂಟನೆಯದಕ್ಕೆ ಉಜ್ಜುತ್ತಾನೆ. ಬಿಸಿಲಿನಲ್ಲಿ ನೋಡಿದರೆ ಜೇಡರಬಲೆಯಂಥ ಗೀರುಗಳು. ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಇರುವುದು ನಲವತ್ತು ಮೈಕ್ರಾನಿನ ಆಸುಪಾಸು, ತಲೆಗೂದಲಿಗಿಂತ ತೆಳು. ಆ ಗೀರು ತೆಗೆಯಲು ಮತ್ತೆ ಮತ್ತೆ ಪಾಲಿಶ್ ಮಾಡಿಸಿದರೆ ಅದೂ ಸವೆಯುತ್ತದೆ. ಇನ್ನು ನಮ್ಮ ಬೋರ್‌ವೆಲ್ ನೀರು: ಸ್ನಾನದ ಮನೆಯ ನಲ್ಲಿಗೆ ಕಟ್ಟುವ ಬಿಳಿ ಪೊರೆಯೇ ಬಾನೆಟ್ಟಿನ ಮೇಲೂ ಕೂರುತ್ತದೆ. ಕೋಟಿಂಗ್ ಇದ್ದರೆ ನೀರು ಮುತ್ತಾಗಿ ನಿಲ್ಲುತ್ತದೆ, ನೋಡಲು ಚೆಂದ. ಒರೆಸದೆ ಬಿಸಿಲಿಗೆ ಬಿಟ್ಟರೆ ಮುತ್ತು ಇದ್ದಲ್ಲೆಲ್ಲ ಉಂಗುರ.

ಅಕ್ಕ: ಕಾವೇರಿ ನೀರಿನಲ್ಲಿ ತೊಳೆಯುತ್ತೇನೆ ಎಂದು ಹೊರಡಬೇಡ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಿದ್ದು ಮರೆಯಬೇಡ.

ನಾನು: ಈಗ ನಿಜವಾದ ತೊಂದರೆ ಕೇಳಿ. ಪ್ಯಾಕೇಜ್ ತೆಗೆಯಿರಿ ಎಂದೆ. ‘ಹಾಗಾದರೆ ಆಯುಧಪೂಜೆಗೆ ಗಾಡಿ ಕೊಡುವುದು ಕಷ್ಟವಾಗಬಹುದು’ ಎನ್ನುತ್ತಿದ್ದಾನೆ.

ಅಕ್ಕ: ಒಂದು ವಸ್ತು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎನ್ನುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿರ್ಬಂಧಿತ ವ್ಯಾಪಾರ ಪದ್ಧತಿ. ಈಗ ಹೇಳಿದ್ದನ್ನೇ ಇಮೇಲ್‌ನಲ್ಲಿ ಬರೆದು ಕೊಡಿ ಎನ್ನು. ಗ್ರಾಹಕ ಸಹಾಯವಾಣಿ 1915 ಎಂದೂ ಸೇರಿಸು.

ದೊಡ್ಡಪ್ಪ: ಹಬ್ಬದ ದಿನ ಕಾರು ತರುವುದೋ, ದೂರು ಕೊಡುವುದೋ? ಆ ಹುಡುಗನಿಗೂ ಮೇಲಿನವರ ಟಾರ್ಗೆಟ್ ಇರುತ್ತದೆ. ಅವನನ್ನು ಹೆದರಿಸಿ ಏನು ಪುರುಷಾರ್ಥ?

ಅಮ್ಮ: ಇದು ಮಾತ್ರ ಭಾವ ಹೇಳಿದ್ದು ಸರಿ.

ಭಾವ: ಅತ್ತೆ, ನಾನು ಈಗ ಏನೂ ಹೇಳಲೇ ಇಲ್ಲ!

ಅಮ್ಮ: ನಿಮ್ಮನ್ನಲ್ಲ ಅಳಿಯಂದಿರೇ, ನನ್ನ ಭಾವನವರನ್ನು ಹೇಳಿದೆ.

ನಾನು: ಮ್ಯಾನೇಜರ್ ಜೊತೆ ಮಾತನಾಡಿದೆ. ಯಾರನ್ನೂ ಹೆದರಿಸಲಿಲ್ಲ, ಮೂರಕ್ಕೂ ಬಿಡಿ ಬಿಡಿ ಬೆಲೆ ಬರೆದುಕೊಡಿ ಎಂದೆ ಅಷ್ಟೆ. ಬೆಲೆ ಬರೆಯಲಿಲ್ಲ. ಬದಲಿಗೆ 21,900 ಇದ್ದದ್ದು 14,000 ಆಯಿತು, ಚಹಾ ಬರುವಷ್ಟರಲ್ಲಿ 9,000.

ದೊಡ್ಡಪ್ಪ: ಒಂಬತ್ತಕ್ಕಾದರೆ ಮಾಡಿಸು!

ಭಾವ: ಬೆಲೆ ಇಳಿದರೆ ಟೆಫ್ಲಾನ್ ಅಂಟಿಕೊಳ್ಳುತ್ತದೆಯೇ ದೊಡ್ಡಪ್ಪ?

ನಾನು: ಚಹಾ ಕುಡಿದು ಬೇಡ ಎಂದೆ. ಮಡ್‌ಫ್ಲಾಪ್, ಕಾಲಡಿಯ ಮ್ಯಾಟ್ ಇಟ್ಟುಕೊಂಡೆ. ಕಾರು ಹಬ್ಬದ ಬೆಳಿಗ್ಗೆ ಹತ್ತಕ್ಕೆ ಕೊಡುತ್ತಾರಂತೆ.

ಉಡುಪಿ ಅತ್ತೆ: ಹಾಗಾದರೆ ಬಾನೆಟ್ಟಿಗೆ ಕುಂಕುಮ ಹಚ್ಚಬಹುದೋ, ಬಾರದೋ?

ಭಾವ: ಗಾಜಿನ ಮೇಲೆ ಹಚ್ಚಿ. ಸಂಜೆ ಒರೆಸಿದರೆ ಹೋಗುತ್ತದೆ.

ದೊಡ್ಡಪ್ಪ: ಒರೆಸುವ ಬಟ್ಟೆ ನಾನು ತರುತ್ತೇನೆ. ಅಪ್ಪನ ಕಾಲದ ಪಂಚೆ, ಬೆಣ್ಣೆಯಂತಿದೆ. ಹದಿನಾರು ವರ್ಷದಿಂದ ನನ್ನ ಕಾರಿಗೆ ಅದೇ.

ಭಾವ: ಪಂಚೆಗಿಂತ ಮೈಕ್ರೋಫೈಬರ್ ಒಳ್ಳೆಯದು ದೊಡ್ಡಪ್ಪ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಅಕ್ಕ: ನಾನು ಅಳಿಸುವ ಮೊದಲೇ ಓದಿದೆ.