ಅಜ್ಜನ ಪೆನ್ನಿಗೆ ಇಂಕು ಎಲ್ಲಿಂದ ತುಂಬಿಸುವುದು?

ಪ್ರಶ್ನೆ (ಸಕಲೇಶಪುರದಿಂದ):
ಸರ್, ನಮ್ಮಜ್ಜ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅವರ ಪೆಟ್ಟಿಗೆಯಲ್ಲಿ ಒಂದು ಹಳೇ ಪೆನ್ನು ಸಿಕ್ಕಿದೆ. ಹಸಿರು ಮಾರ್ಬಲ್ ಥರದ ಬಣ್ಣ. ಮೈಮೇಲೆ ಸಣ್ಣಗೆ ‘ಕಾನ್ವೇ ಸ್ಟೀವರ್ಟ್, ಮೇಡ್ ಇನ್ ಇಂಗ್ಲೆಂಡ್’ ಎಂದಿದೆ. ನಿಬ್ಬಿನ ಭಾಗ ಎಷ್ಟು ತಿರುಗಿಸಿದರೂ ಬಿಚ್ಚಲಿಲ್ಲ. ಬದಿಯಲ್ಲಿ ಚಿನ್ನದ ಬಣ್ಣದ ಒಂದು ಕಡ್ಡಿ ಇದೆ, ಅಲಂಕಾರಕ್ಕೆ ಅಂದುಕೊಂಡಿದ್ದೆ. ತಮ್ಮ ಅದನ್ನು ಉಗುರಲ್ಲಿ ಎತ್ತಲು ಹೋದ. ಸ್ವಲ್ಪ ಎದ್ದು ಅಲ್ಲೇ ನಿಂತಿತು. ಒಳಗೆ ಏನೋ ಗಲಗಲ ಅನ್ನುತ್ತದೆ. ಇಂಕು ಎಲ್ಲಿಂದ ಹಾಕುವುದು? ಬಿಸಿನೀರಲ್ಲಿ ನೆನೆಸಿದರೆ ಬಿಚ್ಚಬಹುದಾ?

ಉತ್ತರ (ಹಾಸನದ ಪೆನ್ನು ರಿಪೇರಿಯವರು):
ಬಿಸಿನೀರು ಬೇಡವೇ ಬೇಡಮ್ಮಾ. ತಮ್ಮನ ಕೈಗೂ ಪೆನ್ನು ಕೊಡಬೇಡಿ.

ಆ ಕಡ್ಡಿಯೇ ಇಂಕು ತುಂಬಿಸುವ ಲಿವರ್. ಒಳಗೆ ಒಂದು ರಬ್ಬರ್ ಚೀಲ, ಅದರ ಪಕ್ಕ ತೆಳ್ಳನೆ ಲೋಹದ ಪಟ್ಟಿ. ನಿಬ್ಬನ್ನು ಇಂಕಿನಲ್ಲಿ ಅದ್ದಿ ಲಿವರ್ ಎತ್ತಿದರೆ ಪಟ್ಟಿ ಚೀಲವನ್ನು ಅಮುಕುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಲಿವರ್ ಇಳಿಸಿದರೆ ಚೀಲ ಉಬ್ಬಿ ಇಂಕು ಎಳೆದುಕೊಳ್ಳುತ್ತದೆ. ಅಮೆರಿಕದ ವಾಲ್ಟರ್ ಶೇಫರ್ ಇದಕ್ಕೆ ಪೇಟೆಂಟ್ ಪಡೆದದ್ದು 1908ರಲ್ಲಿ.

ನಮ್ಮ ಕಾಲದ ಸ್ಕೂಲ್ ಪೆನ್ನುಗಳಿಗೆ ಫಿಲ್ಲರಿನಿಂದ ನೇರವಾಗಿ ಹೊಟ್ಟೆಗೇ ಇಂಕು ಹಾಕುತ್ತಿದ್ದೆವು, ಅಲ್ವಾ? ಅದೇ ಅಭ್ಯಾಸದಲ್ಲಿ ಒಬ್ಬರು ಮೇಷ್ಟ್ರು ಲಿವರ್ ಪೆನ್ನಿಗೂ ಫಿಲ್ಲರ್ ಹಿಡಿದರು. ಲಿವರಿನ ಸಂದಿಯಿಂದ ಇಂಕು ಇಳಿದು ಜೇಬೆಲ್ಲ ನೀಲಿ. ಪೆನ್ನು ನನ್ನ ಹತ್ತಿರ ಬಂತು, ಶರ್ಟು ಧೋಬಿ ಹತ್ತಿರ ಹೋಯಿತು.

ನಿಮ್ಮದರಲ್ಲಿ ರಬ್ಬರ್ ಒಣಗಿ ಕಲ್ಲಾಗಿದೆ. ಅದಕ್ಕೇ ಲಿವರ್ ಏಳುತ್ತಿಲ್ಲ. ಗಲಗಲ ಅನ್ನುವುದು ಅದರ ಚೂರುಗಳೇ ಇರಬೇಕು. ಜೋರು ಮಾಡಿದರೆ ಲಿವರ್ ಮುರಿಯುತ್ತದೆ, ಇಲ್ಲವೇ ಸಂದಿಯ ಹತ್ತಿರ ಮೈ ಬಿರುಕು ಬಿಡುತ್ತದೆ. ರಬ್ಬರ್ ಬದಲಿಸುವುದು ಸುಲಭ, ಬಿರುಕು ಮುಚ್ಚುವುದು ಬಹಳ ಕಷ್ಟ.

ನೀರು ಯಾಕೆ ಬೇಡ ಅಂದರೆ, ಈ ಕಂಪನಿ ಸೆಲ್ಯುಲಾಯ್ಡ್ ಎಂಬ ಹಳೇ ಪ್ಲಾಸ್ಟಿಕ್ಕಿನ ಪೆನ್ನುಗಳ ಜೊತೆಗೆ ಕೇಸಿನ್ ಪೆನ್ನುಗಳನ್ನೂ ಮಾಡಿತ್ತು. ಕೇಸಿನ್ ಎಂದರೆ ಹಾಲಿನಿಂದ ತೆಗೆದ ಪದಾರ್ಥ. ನೀರು ಕುಡಿದರೆ ಉಬ್ಬುತ್ತದೆ. ನೋಡಿದ ತಕ್ಷಣ ಯಾವುದೆಂದು ಹೇಳುವುದು ಕಷ್ಟ, ಆದ್ದರಿಂದ ನೆನೆಸದಿರುವುದೇ ಕ್ಷೇಮ. ಎಬೊನೈಟ್, ಅಂದರೆ ಗಟ್ಟಿ ರಬ್ಬರ್ ಆದರೂ ಬಿಸಿನೀರಿಗೆ ಕಪ್ಪು ಹೋಗಿ ಕಂದು ಬಣ್ಣವಾಗುತ್ತದೆ. ಮೇಣದಬತ್ತಿ ಹಿಡಿಯುವವರೂ ಇದ್ದಾರೆ. ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ, ಆ ಸಾಹಸ ಬೇಡ.

ಇಂಥ ಪೆನ್ನುಗಳಲ್ಲಿ ನಿಬ್ಬಿನ ಭಾಗವನ್ನು ಸಾಮಾನ್ಯವಾಗಿ ಒತ್ತಿ ಕೂರಿಸಿರುತ್ತಾರೆ, ತಿರುಗಿಸಿ ಬಿಚ್ಚುವ ತಿರುಪು ಇರುವುದಿಲ್ಲ. ಸೇರುವ ಜಾಗಕ್ಕೆ ಹೇರ್ ಡ್ರೈಯರ್ ದೂರದಿಂದ ಹಿಡಿಯಿರಿ. ಕೈಯಲ್ಲಿ ಆರಾಮಾಗಿ ಹಿಡಿಯುವಷ್ಟೇ ಬಿಸಿಯಾಗಲಿ. ಸೈಕಲ್ ಟ್ಯೂಬಿನ ಚೂರು ಸುತ್ತಿ ಹಿಡಿದು, ಮೆಲ್ಲಗೆ ಆಕಡೆ ಈಕಡೆ ತಿರುಗಿಸುತ್ತಾ ಎಳೆಯಿರಿ. ಬರದಿದ್ದರೆ ಬಿಟ್ಟು ನಾಳೆ ನೋಡಿ. ನನಗೇ ಕೆಲವಕ್ಕೆ ಮೂರು ದಿನ ಹಿಡಿದಿದೆ.

ಅದೇ ಪ್ರಶ್ನೆಯವರು, ವಾರದ ನಂತರ:
ಬಂತು ಸರ್! ಕಪ್ಪು ಚೂರುಗಳು ಉದುರಿದವು. ಹೊಸ ರಬ್ಬರನ್ನು ಫೆವಿಕ್ವಿಕ್ ಹಾಕಿ ಅಂಟಿಸಲಾ?

ಉತ್ತರ:
ಅಯ್ಯೋ, ಬೇಡ. ಅದು ಒಮ್ಮೆ ಹಿಡಿದರೆ ಮುಂದೆ ಯಾರೂ ಬಿಚ್ಚಲಾಗದು. ಮರಕ್ಕೆ ಪಾಲಿಷ್ ಮಾಡುವವರ ಹತ್ತಿರ ಶೆಲ್ಯಾಕ್ ಸಿಗುತ್ತದೆ. ನಮ್ಮ ಅರಗನ್ನೇ ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಬಿಸಿ ತಾಗಿದರೆ ಬಿಡುತ್ತದೆ, ಅದೇ ಅದರ ಗುಣ.

ಚೀಲದ ನಂಬರ್ ಎಂದರೆ ಒಂದು ಇಂಚನ್ನು 64 ಭಾಗ ಮಾಡಿದ ಲೆಕ್ಕ. 16 ನಂಬರ್ ಎಂದರೆ ಕಾಲು ಇಂಚು, ಸುಮಾರು 6.35 ಮಿಲಿಮೀಟರ್. ಮೈಯೊಳಗೆ ಉಜ್ಜದೆ ಸಲೀಸಾಗಿ ಹೋಗುವುದನ್ನು ಆರಿಸಿ. ಒಳಗಿನ ಉದ್ದಕ್ಕಿಂತ ಸ್ವಲ್ಪ ಗಿಡ್ಡವಾಗಿ ಕತ್ತರಿಸಿ. ಚೀಲದ ಹೊರಗೆ ವಾಸನೆಯಿಲ್ಲದ ಬರೀ ಟಾಲ್ಕ್ ಪುಡಿ ಸವರಿ. ಒಂದು ರಾತ್ರಿ ಒಣಗಿಸಿ, ಮೊದಲು ನೀರು ತುಂಬಿಸಿ ನೋಡಿ, ಆಮೇಲೆ ಇಂಕು.

ಇನ್ನೊಬ್ಬರ ಪ್ರಶ್ನೆ (ಚಿಕ್ಕಮಗಳೂರಿನಿಂದ):
ನಡುವೆ ಬಂದೆ, ಕ್ಷಮಿಸಿ. ಅಪ್ಪನ ಪಾರ್ಕರ್ 51 ಇದೆ. ಬಿಚ್ಚಿದರೆ ಲೋಹದ ಕವಚ, ಅದರಲ್ಲಿ ಒತ್ತುವ ಪಟ್ಟಿ. ಇದಕ್ಕೂ ರಬ್ಬರ್ ಬದಲಿಸಬೇಕಾ?

ಉತ್ತರ:
ಸುಮ್ನೆ ಕೈ ಹಾಕಬೇಡಿ. ಅದು 1948ರಲ್ಲಿ ಬಂದ, ಪಟ್ಟಿ ಒತ್ತಿ ಇಂಕು ತುಂಬಿಸುವ ಏರೋಮೆಟ್ರಿಕ್ ಬಗೆ. ಒಳಗಿನದು ರಬ್ಬರ್ ಅಲ್ಲ, ಪ್ಲಾಸ್ಟಿಕ್. ಬಹಳಷ್ಟು ಇವತ್ತಿಗೂ ಚೆನ್ನಾಗಿವೆ. ಬರೀ ತಣ್ಣೀರಲ್ಲಿ ಮತ್ತೆ ಮತ್ತೆ ಒತ್ತಿ ತೊಳೆಯಿರಿ, ಬಣ್ಣ ಬಿಡುವುದು ನಿಲ್ಲುವವರೆಗೆ. 1941ರಿಂದ ಬಂದ ಮೊದಲಿನ 51 ಬೇರೆ. ಹಿಂದಿನ ಸಣ್ಣ ಮುಚ್ಚಳ ತಿರುಗಿಸಿದರೆ ಒತ್ತುವ ಗುಂಡಿ ಕಾಣುತ್ತದೆ. ಅದು ವ್ಯಾಕ್ಯುಮ್ಯಾಟಿಕ್. ಅದರ ಪೊರೆ ಬದಲಿಸಲು ಪ್ರತ್ಯೇಕ ಸಲಕರಣೆ ಬೇಕು, ಮನೆಯಲ್ಲಿ ಬೇಡ.

ಸಕಲೇಶಪುರದವರು:
ನೀರು ನಿಂತಿದೆ ಸರ್, ಸೋರುತ್ತಿಲ್ಲ. ಮನೆಯಲ್ಲಿ ಡ್ರಾಯಿಂಗ್ ಇಂಕ್ ಇದೆ, ಹಾಕಲಾ?

ಉತ್ತರ:
ಬೇಡ. ನೀರಿಗೆ ಹೋಗದ ಡ್ರಾಯಿಂಗ್ ಇಂಕಿನಲ್ಲಿ ಸಾಮಾನ್ಯವಾಗಿ ಅದೇ ಅರಗು ಇರುತ್ತದೆ. ನಿಬ್ಬಿನ ಕೆಳಗೆ ಇಂಕು ಹರಿಯುವ ನಾಲಿಗೆಯೊಳಗೆ ಒಣಗಿ ಕೂತರೆ ಮತ್ತೆ ನನ್ನ ಹತ್ತಿರವೇ ಬರುತ್ತೀರಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಕ್ಯಾಮೆಲ್ ನೀಲಿ ಫೌಂಟನ್ ಪೆನ್ ಇಂಕು ಸಾಕು.