ಅರಮನೆಯ ದೀಪಗಳು ಆಕಾಶದಲ್ಲಿ ತಲೆಕೆಳಗಾಗಿ ಕಾಣುತ್ತಿವೆ: ದೋಷ ಲೆನ್ಸ್‌ನದೋ, ಫಿಲ್ಟರಿನದೋ?

ಪ್ರಶ್ನೆ (ಮಂಡ್ಯದಿಂದ)

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಸಂಜೆ ಮೈಸೂರು ಅರಮನೆಯ ದೀಪಾಲಂಕಾರದ ಚಿತ್ರ ತೆಗೆಯಲು ಹೋಗಿದ್ದೆ. ಅರಮನೆಯನ್ನು ಚೌಕಟ್ಟಿನ ಕೆಳಭಾಗದಲ್ಲಿರಿಸಿ, ಮೇಲೆ ಕಪ್ಪು ಆಕಾಶಕ್ಕೆ ಸಾಕಷ್ಟು ಜಾಗ ಬಿಟ್ಟು ತೆಗೆದ ಬಹುತೇಕ ಚಿತ್ರಗಳಲ್ಲಿ, ಆ ಆಕಾಶದೊಳಗೆ ಮಂಕಾದ ಹಸಿರು ಛಾಯೆಯ ದೀಪಗಳ ಸಾಲು ಮೂಡಿದೆ. ಹಿಗ್ಗಿಸಿ ನೋಡಿದರೆ ನಡುಗೋಪುರದ ಆಕಾರವೂ ತಲೆಕೆಳಗಾಗಿ ಗುರುತು ಸಿಗುತ್ತದೆ. ಇದೇ ಲೆನ್ಸ್‌ನಿಂದ ಹಗಲಿನಲ್ಲಿ ತೆಗೆದ ಚಿತ್ರಗಳಲ್ಲಿ ಇಂತಹುದೇನೂ ಇಲ್ಲ. ಕ್ಯಾಮೆರಾದೊಂದಿಗೆ ಬಂದ 18-55 ಮಿ.ಮೀ. ಜೂಮ್ ಲೆನ್ಸ್ ನನ್ನದು. ಕೊಂಡ ದಿನವೇ ಅಂಗಡಿಯವರು ಅದಕ್ಕೆ 58 ಮಿ.ಮೀ. ಅಳತೆಯ ಯುವಿ ಫಿಲ್ಟರನ್ನು (ಅತಿನೇರಳೆ ಕಿರಣ ತಡೆಯಲು ಲೆನ್ಸ್ ಮುಂದೆ ಹಾಕುವ ಗಾಜನ್ನು) ತಿರುಗಿಸಿ ಕೂರಿಸಿದ್ದರು, ಅಂದಿನಿಂದ ಅದನ್ನು ತೆಗೆದಿಲ್ಲ. ಲೆನ್ಸನ್ನು ಸರ್ವಿಸ್‌ಗೆ ಕೊಡಬೇಕೆ? ಮುಂದೆ ನಮ್ಮ ಊರಿನ ಆಲೆಮನೆಯಲ್ಲಿ ಚಿತ್ರ ತೆಗೆಯುವ ಉದ್ದೇಶವಿರುವುದರಿಂದ, ಫಿಲ್ಟರನ್ನು ತೆಗೆದುಬಿಡಲೂ ಧೈರ್ಯ ಬರುತ್ತಿಲ್ಲ.

ಉತ್ತರ (ಮೈಸೂರಿನಿಂದ)

ಸರ್ವಿಸ್‌ಗೆ ಕೊಡುವ ಅಗತ್ಯವಿಲ್ಲ ಸರ್. ನಿಮ್ಮ ವಿವರಣೆಯಲ್ಲಿಯೇ ಕಾರಣ ಸಿಕ್ಕಿದೆ. ದೀಪದ ಬೆಳಕು ಲೆನ್ಸ್ ಮೂಲಕ ಚಿತ್ರವನ್ನು ಗ್ರಹಿಸುವ ಸೆನ್ಸರಿನ ಮೇಲೆ ಬಿದ್ದಾಗ ಅದರ ಸ್ವಲ್ಪ ಭಾಗ ಸೆನ್ಸರಿನ ಹೊಳಪು ಮೈಗೆ ತಾಗಿ ಹಿಂದಿರುಗುತ್ತದೆ, ಲೆನ್ಸ್ ದಾಟಿ ಹೊರಬರುವಾಗ ಮುಂದಿರುವ ಫಿಲ್ಟರಿನ ಚಪ್ಪಟೆ ಗಾಜಿಗೆ ಬಡಿದು ಪುನಃ ಒಳಕ್ಕೆ ಹೋಗುತ್ತದೆ. ಕ್ಷೌರದ ಅಂಗಡಿಯಲ್ಲಿ ಎದುರುಬದುರು ತೂಗುಹಾಕಿದ ಕನ್ನಡಿಗಳ ನಡುವೆ ಆಗುವುದೂ ಇದೇ. ಫಿಲ್ಟರಿನ ಗಾಜು ಸೆನ್ಸರಿಗೆ ಸಮಾನಾಂತರವಾಗಿರುವುದರಿಂದ, ದೂರದ ವಸ್ತುವಿಗೆ ಫೋಕಸ್ ಮಾಡಿದಾಗ ಹೀಗೆ ಮರಳಿದ ಬೆಳಕೂ ಸ್ಪಷ್ಟವಾಗಿಯೇ ಮೂಡುತ್ತದೆ; ಆದರೆ ಚಿತ್ರದ ಕೇಂದ್ರದ ಆಚೆ ಬದಿಗೆ, ಅಷ್ಟೇ ದೂರದಲ್ಲಿ, ಎಡಬಲ ಮತ್ತು ಮೇಲುಕೆಳಗು ಎರಡೂ ಅದಲುಬದಲಾಗಿ ಮೂಡುತ್ತದೆ. ಕೆಳಗಿನ ಬಲಮೂಲೆಯ ದೀಪ ಮೇಲಿನ ಎಡಮೂಲೆಯಲ್ಲಿ ಕಾಣಿಸುವುದು ಈ ಕಾರಣದಿಂದ. ಹಗಲಿನಲ್ಲಿಯೂ ಈ ಪ್ರತಿಫಲನ ಇದ್ದೇ ಇರುತ್ತದೆ, ಬೆಳಗಿದ ಆಕಾಶದಲ್ಲಿ ಅದು ಮುಚ್ಚಿಹೋಗುತ್ತದೆ, ಅಷ್ಟೆ. ಸುಮಾರು ಒಂದು ಲಕ್ಷ ಬಲ್ಬುಗಳು ಉರಿಯುವ ಅರಮನೆ, ಅದರ ಹಿಂದೆ ಕಪ್ಪು ಆಕಾಶ ಎಂದಮೇಲೆ ಫಿಲ್ಟರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ನಮ್ಮ ಸೀಮೆಯಲ್ಲಿ ಸಿಗಲಾರದು.

ಲೇಪನವಿಲ್ಲದ ಸಾಮಾನ್ಯ ಗಾಜು ಒಂದೊಂದು ಮೈಯಲ್ಲಿ ಸುಮಾರು ಶೇ. 4ರಷ್ಟು, ಎರಡೂ ಮೈ ಸೇರಿ ಶೇ. 8ರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ. ಒಳ್ಳೆಯ ಮಲ್ಟಿಕೋಟಿಂಗ್ (ಪ್ರತಿಫಲನ ತಗ್ಗಿಸುವ ಹಲವು ಪದರಗಳ ಲೇಪನ) ಇರುವ ಫಿಲ್ಟರಿನಲ್ಲಿ ಇದು ಒಂದು ಮೈಗೆ ಶೇ. ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆಯಾದರೂ ಸೊನ್ನೆಯಾಗುವುದಿಲ್ಲ. ಆದುದರಿಂದ ದುಬಾರಿ ಫಿಲ್ಟರ್ ಕೊಂಡರೂ ರಾತ್ರಿಯ ದೀಪಗಳ ಮುಂದೆ ಅದನ್ನು ತೆಗೆದಿಡುವುದೇ ಸರಿ. ಹೆಸರಿನಲ್ಲಿರುವ ಯುವಿಯ ಬಗ್ಗೆಯೂ ಒಂದು ಮಾತು: ಫಿಲ್ಮ್ ರೋಲಿಗೆ ಅತಿನೇರಳೆ ಕಿರಣ ತಾಗಿ ಬೆಟ್ಟದ ದೃಶ್ಯಗಳಲ್ಲಿ ನೀಲಿ ಮಬ್ಬು ಬರುತ್ತಿದ್ದ ಕಾಲಕ್ಕೆ ಆ ಫಿಲ್ಟರ್ ಬೇಕಾಗಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಸೆನ್ಸರಿನ ಮುಂದಿರುವ ಗಾಜೇ ಆ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದರಿಂದ, ಚಾಮುಂಡಿ ಬೆಟ್ಟದಿಂದ ತೆಗೆಯುವ ಊರಿನ ನೋಟಕ್ಕೆ ಅದು ಯಾವ ಸ್ಪಷ್ಟತೆಯನ್ನೂ ಹೆಚ್ಚಿಸದು. ಹೀಗಾಗಿ ಉಳಿದಿರುವುದು ರಕ್ಷಣೆಯ ಪ್ರಶ್ನೆ ಮಾತ್ರ.

ನನ್ನ ಅಭಿಪ್ರಾಯದಲ್ಲಿ ದಿನನಿತ್ಯದ ರಕ್ಷಣೆಗೆ ಹುಡ್ (ಲೆನ್ಸ್‌ನ ಮುಂಭಾಗಕ್ಕೆ ಸುತ್ತ ಹಾಕುವ ಮರೆ) ಸಾಕು. ಬಿದ್ದಾಗ ಮೊದಲ ಪೆಟ್ಟನ್ನು ಹುಡ್ ತಿನ್ನುತ್ತದೆ, ಜೊತೆಗೆ ಬದಿಯ ಬೆಳಕನ್ನೂ ತಡೆಯುತ್ತದೆ. ಫಿಲ್ಟರಿನ ತೆಳುಗಾಜು ಒಡೆದುದನ್ನು ತೋರಿಸಿ ‘ಲೆನ್ಸ್ ಉಳಿಯಿತು’ ಎನ್ನುವವರಿದ್ದಾರೆ. ಲೆನ್ಸ್‌ನ ಮುಂದಿನ ಗಾಜು ಅದಕ್ಕಿಂತ ಬಹಳ ದಪ್ಪವಾಗಿರುವುದರಿಂದ, ಅದೇ ಪೆಟ್ಟಿಗೆ ಅದು ಒಡೆಯುತ್ತಿತ್ತು ಎಂದು ಹೇಳಲು ಬರುವುದಿಲ್ಲ. ಒಡೆದ ಫಿಲ್ಟರಿನ ಚೂರುಗಳೇ ಲೆನ್ಸ್ ಮೇಲೆ ಗೀರು ಹಾಕುವ ಸಾಧ್ಯತೆಯೂ ಇದೆ.

ಉತ್ತರ (ಪಾಂಡವಪುರದಿಂದ)

ಮೇಲಿನವರ ವಿವರಣೆಗೆ ನನ್ನ ತಕರಾರಿಲ್ಲ. ಆದರೆ ಆಲೆಮನೆಯ ವಿಷಯಕ್ಕೆ ಬಂದರೆ ‘ಹುಡ್ ಸಾಕು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊಪ್ಪರಿಗೆಯಲ್ಲಿ ಹದಕ್ಕೆ ಬರುತ್ತಿರುವ ಪಾಕ 115 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಿದ್ದು, ಕುದಿಯುವಾಗ ಸಣ್ಣ ಹನಿಗಳಾಗಿ ಸಿಡಿಯುತ್ತದೆ, ಬಿದ್ದಲ್ಲಿಯೇ ಅಂಟಿ ಗಟ್ಟಿಯಾಗುತ್ತದೆ. ಅದರ ಮೇಲೆ ಒಲೆಗೆ ಹಾಕುವ ಒಣಸಿಪ್ಪೆಯ ಪುಡಿ, ಬೂದಿ ಮತ್ತು ಹೊಗೆ ಬಂದು ಕೂರುತ್ತವೆ. ಅಂತಹುದನ್ನು ಲೆನ್ಸ್ ಮೇಲೆ ಬಟ್ಟೆಯಿಂದ ಉಜ್ಜಿದರೆ ಕೋಟಿಂಗಿನ ಗತಿಯೇನು? ಫಿಲ್ಟರಾದರೆ ಮನೆಗೆ ಬಂದು ಬಿಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದರೆ ಸಕ್ಕರೆ ಕರಗಿ ಹೋಗುತ್ತದೆ. ಲೆನ್ಸನ್ನು ನಲ್ಲಿಯ ಕೆಳಗೆ ಹಿಡಿಯಲಾಗುವುದಿಲ್ಲ. ಹಾಗಾಗಿ ಇಂತಹ ಕಡೆ ಫಿಲ್ಟರ್ ಇರಲೇಬೇಕು, ಒಳಗೆ ಕಾಲಿಡುವ ಮೊದಲೇ ಹಾಕಿರಬೇಕು. ಆವಿಯಿಂದ ಗಾಜು ಮಂಜಾಗುವುದನ್ನು ಮಾತ್ರ ಅದು ತಪ್ಪಿಸದು. ಚಿತ್ರ ತೆಗೆಯುವ ಮುನ್ನ ಕ್ಯಾಮೆರಾವನ್ನು ಅಲ್ಲಿನ ಶಾಖಕ್ಕೆ ಸ್ವಲ್ಪ ಹೊತ್ತು ಒಗ್ಗಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ತೆಗೆದು ನೋಡೋಣವೆಂದರೆ ಫಿಲ್ಟರ್ ಅಲುಗುತ್ತಲೇ ಇಲ್ಲ. ಇಕ್ಕಳ ಹಾಕಬಹುದೆ?

ಉತ್ತರ (ಮೈಸೂರಿನಿಂದ)

ದಯವಿಟ್ಟು ಇಕ್ಕಳ ಬೇಡ. ಬಿಗಿಯಾಗಿ ಹಿಡಿದಷ್ಟೂ ಉಂಗುರ ಮೊಟ್ಟೆಯಾಕಾರಕ್ಕೆ ಬಾಗಿ ತಿರುಪಿನ ಎಳೆಗಳು ಇನ್ನಷ್ಟು ಕಚ್ಚಿಕೊಳ್ಳುತ್ತವೆ. ಎರಡೇ ಬೆರಳಿನಿಂದ ಒತ್ತಿ ತಿರುಗಿಸಿದಾಗಲೂ ಆಗುವುದು ಅದೇ. ಅಗಲವಾದ ರಬ್ಬರ್ ಬ್ಯಾಂಡನ್ನು ಉಂಗುರದ ಸುತ್ತ ಹಾಕಿ, ಐದೂ ಬೆರಳುಗಳನ್ನು ಸಮನಾಗಿ ಇಟ್ಟು, ಗಾಜು ನಿಮ್ಮ ಕಡೆಗಿರುವಂತೆ ಹಿಡಿದು, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಹಗುರವಾಗಿ ತಿರುಗಿಸಿರಿ. ಮುಖ್ಯವಾದ ಎಚ್ಚರಿಕೆಯೆಂದರೆ, ಇನ್ನೊಂದು ಕೈ ಲೆನ್ಸ್‌ನ ಮುಂದಿನ ಕೊಳವೆಯನ್ನೇ ಹಿಡಿದಿರಬೇಕು. ಹಿಂಭಾಗವನ್ನು ಹಿಡಿದು ತಿರುಗಿಸಿದರೆ ಬಲವೆಲ್ಲ ಫೋಕಸ್ ಗಿಯರುಗಳ ಮೇಲೆ ಬೀಳುತ್ತದೆ, ಆಗ ನಿಜವಾಗಿಯೂ ಸರ್ವಿಸ್‌ಗೆ ಕೊಡಬೇಕಾಗುತ್ತದೆ. ಇದರಿಂದಲೂ ಆಗದಿದ್ದರೆ ಫಿಲ್ಟರ್ ರೆಂಚ್ ಎಂಬ ಪ್ಲಾಸ್ಟಿಕ್ ಉಂಗುರಗಳು ಜೋಡಿಯಾಗಿ ಸಿಗುತ್ತವೆ, ಬೆಲೆಯೂ ಹೆಚ್ಚಿಲ್ಲ.

ಉತ್ತರ (ಶ್ರೀರಂಗಪಟ್ಟಣದಿಂದ)

ರಂಗನತಿಟ್ಟಿನಲ್ಲಿ ಹಕ್ಕಿಗಳ ಚಿತ್ರ ತೆಗೆಯುವವರ ಪರವಾಗಿ ಒಂದು ವಿಷಯ ಸೇರಿಸುತ್ತೇನೆ. ಅಗ್ಗದ ಫಿಲ್ಟರಿನ ಗಾಜು ಪೂರ್ತಿ ಸಮತಟ್ಟಾಗಿರದಿದ್ದರೆ, 18-55ರಲ್ಲಿ ಗೊತ್ತಾಗದ ಆ ದೋಷ ದೂರದ ವಸ್ತುವನ್ನು ದೊಡ್ಡದಾಗಿ ತೋರಿಸುವ 400 ಅಥವಾ 600 ಮಿ.ಮೀ. ಟೆಲಿ ಲೆನ್ಸ್‌ನಲ್ಲಿ ಎದ್ದು ಕಾಣುತ್ತದೆ: ಚಮಚಕೊಕ್ಕಿನ ಗರಿಗಳು ಮಸುಕಾಗುತ್ತವೆ, ನಾವು ದೋಣಿಯ ಅಲುಗಾಟವನ್ನು ದೂರುತ್ತೇವೆ. ದಡದಲ್ಲಿ ಟ್ರೈಪಾಡ್ ಮೇಲೆ ಒಂದೇ ದೃಶ್ಯದ ಚಿತ್ರವನ್ನು ಫಿಲ್ಟರ್ ಹಾಕಿ ಒಮ್ಮೆ, ಬಿಚ್ಚಿ ಒಮ್ಮೆ ತೆಗೆದರೆ ಅನುಮಾನ ತೀರುತ್ತದೆ. ಇನ್ನು ಮಳೆಯಲ್ಲಿ ಬಳಸುವವರು ತಮ್ಮ ಲೆನ್ಸ್‌ನ ಕೈಪಿಡಿಯನ್ನೊಮ್ಮೆ ಓದುವುದು ಒಳ್ಳೆಯದು. ಕ್ಯಾನನ್ ಕಂಪನಿಯ 17-40 ಎಫ್/4 ಎಲ್‌ನಂತಹ ಕೆಲವು ಲೆನ್ಸ್‌ಗಳಲ್ಲಿ ಮುಂದೆ ಫಿಲ್ಟರ್ ಹಾಕಿದಾಗಲೇ ನೀರು-ದೂಳಿನ ತಡೆ ಪೂರ್ಣವಾಗುತ್ತದೆ.

ಪ್ರಶ್ನೆ ಕೇಳಿದವರು

ರಬ್ಬರ್ ಬ್ಯಾಂಡಿನಿಂದ ಫಿಲ್ಟರ್ ಬಿಚ್ಚಿಕೊಂಡಿತು. ರಾತ್ರಿ ಮಹಡಿಯಿಂದ ಬೀದಿದೀಪಗಳ ಚಿತ್ರವನ್ನು ಎರಡೂ ರೀತಿಯಲ್ಲಿ ತೆಗೆದು ನೋಡಿದೆ. ಫಿಲ್ಟರ್ ಇಲ್ಲದಾಗ ತಲೆಕೆಳಗಾದ ದೀಪಗಳು ಸಂಪೂರ್ಣವಾಗಿ ಮಾಯವಾಗಿವೆ. ಆದರೆ ಅತಿ ಪ್ರಖರವಾದ ಒಂದು ದೀಪದ ಎದುರು ಮಸುಕಾದ, ದುಂಡನೆಯ ಹಸಿರು ಮಚ್ಚೆಯೊಂದು ಇನ್ನೂ ಉಳಿದಿದೆ.

ಉತ್ತರ (ಮೈಸೂರಿನಿಂದ)

ಅದು ಲೆನ್ಸ್‌ನೊಳಗಿನ ಬಾಗಿದ ಗಾಜುಗಳ ನಡುವಿನ ಪ್ರತಿಫಲನ. ಆಕಾರ ಸ್ಪಷ್ಟವಿಲ್ಲದೆ ಮಚ್ಚೆಯಂತೆ ಹರಡಿರುವುದೇ ಅದರ ಗುರುತು. ಯಾವ ಲೆನ್ಸೂ ಇದರಿಂದ ಪೂರ್ತಿ ಮುಕ್ತವಲ್ಲ. ಆ ದೀಪ ಚೌಕಟ್ಟಿನಿಂದ ಆಚೆ ಹೋಗುವಂತೆ, ಇಲ್ಲವೆ ಮಚ್ಚೆ ಯಾವುದಾದರೂ ಬೆಳಕಿನ ಗೋಡೆಯ ಮೇಲೆ ಬೀಳುವಂತೆ ಕ್ಯಾಮೆರಾವನ್ನು ಸ್ವಲ್ಪ ತಿರುಗಿಸಿದರೆ ಸಾಕು. ಬಿಚ್ಚಿದ ಫಿಲ್ಟರನ್ನು ಎಸೆಯಬೇಡಿ, ಆಲೆಮನೆಗೆ ಅದೇ ಆಗುತ್ತದೆ. ಪುನಃ ಹಾಕುವಾಗ ಎಳೆ ಕೂತ ಕೂಡಲೇ ನಿಲ್ಲಿಸಿ, ಬಿಗಿ ಮಾಡಬೇಡಿ.