ಫೋನಿನಲ್ಲಿ ನನ್ನ ಮಾತು ಆ ಕಡೆಯವರಿಗೆ ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತದೆ, ಫೋನ್ ಬದಲಿಸಬೇಕಾ?

ಪ್ರಶ್ನೆ, ಕಲಬುರಗಿಯಿಂದ:
ಎಲ್ಲರಿಗೂ ನಮಸ್ಕಾರ. ನಾನು ಗಂಜ್‌ನ (ಧಾನ್ಯದ ಮಾರುಕಟ್ಟೆ) ಒಂದು ಅಡತ್ (ದಲಾಲಿ) ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರೈತರಿಗೆ ಫೋನ್ ಮಾಡಿ ತೊಗರಿಯ ರೇಟು ಹೇಳುವುದೂ ನನ್ನದೇ ಕೆಲಸ. ಒಂದು ತಿಂಗಳಿಂದ ನನ್ನ ಮಾತು ಅವರಿಗೆ ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತಿದೆಯಂತೆ. ಮೊನ್ನೆ ‘ಇನ್ನೂರು’ ಎಂದದ್ದು ಸೇಡಂ ಕಡೆಯ ಒಬ್ಬ ರೈತರಿಗೆ ‘ಮುನ್ನೂರು’ ಎಂದು ಕೇಳಿಸಿದೆ. ಪಾಪ, ಗಾಡಿ ಬಾಡಿಗೆ ಕೊಟ್ಟು ಮಾಲು ತಂದುಬಿಟ್ಟರು. ಕ್ವಿಂಟಲ್‌ಗೆ ನೂರು ರೂಪಾಯಿ ವ್ಯತ್ಯಾಸ. ನನಗೆ ಬಹಳ ಬೇಜಾರಾಯಿತು. ಮನೆಗೆ ಹೋದರೆ ಇನ್ನೊಂದು ಕಾಟ. ಮಾತು ತುಂಡು ತುಂಡಾಗುತ್ತದೆ, ಕಾಲ್ ಕಟ್ ಆಗುತ್ತದೆ. ಹೊಸ ಸಿಮ್ ಹಾಕಿಸಿದರೂ ಅಷ್ಟೇ.

ಉತ್ತರ, ಬೀದರ್‌ನಿಂದ:
ತಡೀರಿ, ಈಗಲೇ ಹೊಸ ಫೋನ್ ಬೇಡ. ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇರುವ ಹಾಗಿದೆ. ಮಾತು ತುಂಡಾದರೆ ಹೆಚ್ಚಾಗಿ ಸಿಗ್ನಲ್ ಕಾರಣ. ಬಟ್ಟೆ ಮುಚ್ಚಿದ ಹಾಗೆ ಮಂದವಾದರೆ ಹೆಚ್ಚಾಗಿ ಮೈಕ್.

ವಾಯ್ಸ್ ರೆಕಾರ್ಡರ್ ತೆರೆದು ಹತ್ತು ಸೆಕೆಂಡ್ ಮಾತಾಡಿ, ಕೇಳಿ ನೋಡಿ. ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ, ಅಲ್ವಾ? ಅದರಲ್ಲೂ ಮಂದ ಇದ್ದರೆ ದೋಷ ಫೋನಿನಲ್ಲೇ ಇದೆ. ಆಮೇಲೆ ಮೈಕ್ ಇರುವ ಇಯರ್‌ಫೋನ್ ಹಾಕಿ ಒಂದು ಕಾಲ್ ಮಾಡಿ. ಅದರಲ್ಲಿ ಸ್ಪಷ್ಟವಾದರೆ ಫೋನಿನ ಮೈಕ್‌ನದೇ ತೊಂದರೆ.

ಪ್ರಶ್ನೆ ಕೇಳಿದವರು:
ರೆಕಾರ್ಡಿಂಗ್‌ನಲ್ಲೂ ಮಂದ ಸರ್. ಇಯರ್‌ಫೋನ್‌ನಲ್ಲಿ ಸ್ಪಷ್ಟ. ಫೋನಿನ ಕೆಳಗಿನ ತೂತಿನಲ್ಲಿ ಏನೋ ಪುಡಿ ಕೂತಿದೆ. ಸಿಮ್ ಪಿನ್ ಹಾಕಿ ತೆಗೆಯಲಾ?

ಉತ್ತರ, ಬೀದರ್‌ನಿಂದ:
ಪಿನ್ ಬೇಡವೇ ಬೇಡ! ಆ ತೂತಿನ ಹಿಂದೆಯೇ ಮೈಕ್ ಇದೆ, ಚುಚ್ಚಿದರೆ ಹೋಯಿತು. ತುಂಬಾ ಜನ ಅದನ್ನು ಸಿಮ್ ತೂತು ಎಂದುಕೊಂಡೇ ಹಾಳು ಮಾಡಿಕೊಳ್ಳುತ್ತಾರೆ. ತೊಗರಿ ಚೀಲದ ಧೂಳು ಬಹಳ ಸಣ್ಣದು, ಎಲ್ಲಿ ಬೇಕಾದರೂ ಹೋಗಿ ಕೂರುತ್ತದೆ. ಫೋನ್ ಆಫ್ ಮಾಡಿ, ಕವರ್ ತೆಗೆದು, ತೂತು ಕೆಳಮುಖವಾಗಿ ಹಿಡಿಯಿರಿ. ಒಣಗಿದ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ನಿಧಾನವಾಗಿ ಸವರಿ. ಬಾಯಿಂದ ಊದಬೇಡಿ, ಉಸಿರಿನ ತೇವಕ್ಕೆ ಧೂಳು ಇನ್ನೂ ಅಂಟುತ್ತದೆ.

ಮೇಲಿನ ತುದಿಯಲ್ಲೂ ಒಂದು ಸಣ್ಣ ತೂತು ಇದೆಯಾ ನೋಡಿ. ಬಹಳಷ್ಟು ಫೋನ್‌ಗಳಲ್ಲಿ ಅದು ಎರಡನೇ ಮೈಕ್. ಸುತ್ತಲಿನ ಗದ್ದಲ ಹಿಡಿದು, ನಿಮ್ಮ ಮಾತಿನಿಂದ ಅದನ್ನು ಕಳೆಯುವುದಕ್ಕೆ ಇರುವುದು. ಗಂಜ್‌ನಲ್ಲಿ ಹಮಾಲರ ಕೂಗು, ಲಾರಿ ಹಾರನ್ ಎಲ್ಲಾ ಇರುತ್ತದಲ್ಲ. ಕವರ್ ಆ ತೂತನ್ನು ಮುಚ್ಚಿದ್ದರೆ ನಿಮ್ಮ ಮಾತೂ ಗದ್ದಲದ ಜೊತೆ ಕಲಸಿಹೋಗುತ್ತದೆ.

ಉತ್ತರ, ಯಾದಗಿರಿಯಿಂದ:
ಮನೆಯ ತೊಂದರೆಗೆ ನಾನು ಹೇಳುತ್ತೇನೆ. ನಿಮ್ಮದು ಕಲ್ಲಿನ ಮನೆನಾ? ನಮ್ಮದು ಶಹಾಬಾದಿ ಕಲ್ಲಿನದು, ಬೇಸಿಗೆಗೆ ತಂಪು, ಆದರೆ ದಪ್ಪ ಗೋಡೆ ಸಿಗ್ನಲ್ ತಡೆಯುತ್ತದೆ. ಸಿಗ್ನಲ್ ಕಡ್ಡಿ ಎಣಿಸಬೇಡಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ನೋಡಿ. ಸಿಗ್ನಲ್ ಬಲ ತೋರಿಸುವ ಮೈನಸ್ ಅಂಕಿ ಇರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90 ಆಸುಪಾಸು ಇದ್ದರೆ ಚೆನ್ನ. ಮೈನಸ್ 115 ಆಯಿತೆಂದರೆ ಮಾತು ಒಡೆಯುತ್ತದೆ. ನಮ್ಮ ಒಳಕೋಣೆಯಲ್ಲಿ ಮೈನಸ್ 117, ಮಾಳಿಗೆ ಮೇಲೆ ಮೈನಸ್ 92. ಮನೆಯಲ್ಲಿ ವೈಫೈ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ, ಗೋಡೆಯ ಚಿಂತೆಯೇ ಇಲ್ಲ.

ಸಿಮ್ ಬದಲಿಸಿದ್ದೀರಿ ಎಂದಿರಿ. ವೋಲ್ಟಿ (VoLTE, ಅಂದರೆ 4ಜಿಯಲ್ಲೇ ಕಾಲ್ ಹೋಗುವ ಸೌಲಭ್ಯ) ಆನ್ ಇದೆಯಾ ನೋಡಿ. ಅದು ಆಫ್ ಇದ್ದರೆ ಕಾಲ್ 2ಜಿಗೆ ಇಳಿಯಬಹುದು. ಅಲ್ಲಿ 300ರಿಂದ 3400 ಹರ್ಟ್ಜ್ ವರೆಗಿನ ಧ್ವನಿ ಮಾತ್ರ ಹೋಗುತ್ತದೆ. ವೋಲ್ಟಿಯ ಎಚ್‌ಡಿ ಕಾಲ್‌ನಲ್ಲಿ 7000 ಹರ್ಟ್ಜ್ ತನಕ ಹೋಗುತ್ತದೆ, ಸ, ಶ ಬಿಡಿಬಿಡಿಯಾಗಿ ಕೇಳುತ್ತವೆ. ಬಯಲಲ್ಲಿ ನಿಂತರೂ ಅಂಕಿ ಕೆಟ್ಟಿದ್ದರೆ 198ಕ್ಕೆ (ಫೋನ್ ಕಂಪನಿಯ ದೂರು ಸಂಖ್ಯೆ) ದೂರು ಕೊಟ್ಟು ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಬರೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬ್ರಷ್‌ನಲ್ಲಿ ಸವರಿದ್ದಕ್ಕೆ ಎಷ್ಟು ಪುಡಿ ಉದುರಿತು ಅಂತೀರಿ! ಮೇಲಿನ ತೂತು ನಿಜಕ್ಕೂ ಕವರ್ ಅಡಿಯಲ್ಲೇ ಇತ್ತು, ಕವರ್ ತೆಗೆದಿಟ್ಟೆ. ವೋಲ್ಟಿ ಆಫ್ ಇತ್ತು, ಆನ್ ಮಾಡಿದೆ. ಮನೆಯಲ್ಲಿ ವೈಫೈ ಇಲ್ಲ. ಒಳಗೆ ಮೈನಸ್ 116, ಬಾಗಿಲ ಕಟ್ಟೆ ಮೇಲೆ ಮೈನಸ್ 99. ಈಗ ಕಟ್ಟೆ ಮೇಲೆ ಕೂತೇ ಮಾತಾಡುತ್ತೇನೆ. ಸೇಡಂನ ಆ ರೈತರಿಗೇ ಮೊದಲು ಫೋನ್ ಮಾಡಿದೆ. “ಎದುರಿಗೇ ಕುಂತು ಮಾತಾಡಿದಂಗ ಅದ” ಅಂದರು. ಆದರೂ ರೇಟು ಹೇಳಿದ ಮೇಲೆ ಅಂಕಿಯನ್ನು ಮೆಸೇಜ್‌ನಲ್ಲೂ ಕಳಿಸುತ್ತಿದ್ದೇನೆ.